ಎರಡನೇ ಗೇರಿನ ಬೆಟ್ಟ

ನಜರ್‌ಬಾದಿನಲ್ಲಿ ಮನೆ ಮಾಡಿಕೊಂಡವರಿಗೆ ಕಾರಿನ ವಿಷಯದಲ್ಲಿ ಒಂದು ಭಾಗ್ಯವಿದೆ. ಒಂದು ಕಾರಿನ ಗುಣಾವಗುಣ ತಿಳಿಯಲು ಎಂತೆಂಥ ರಸ್ತೆ ಬೇಕೋ ಅವೆಲ್ಲ ಕೂಗಳತೆಯಲ್ಲೇ ಇವೆ. ಮುಖ್ಯರಸ್ತೆಯಲ್ಲಿ ಮೈಲಾರಿ ದೋಸೆಗೆ ಕಾದು ನಿಂತ ಜನ, ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರುಗಳು, ಅಲ್ಲಲ್ಲಿ ಹಂಪುಗಳು. ಕ್ಲಚ್ಚು ಹಗುರವೋ ಭಾರವೋ, ಮೊದಲ ಗೇರಿನಲ್ಲಿ ಗಾಡಿ ಮೆತ್ತಗೆ ಹರಿಯುತ್ತದೋ ಜಗ್ಗುತ್ತದೋ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. ಲಲಿತಮಹಲ್ ರಸ್ತೆಗೆ ಬಂದರೆ ಮರದ ನೆರಳು, ಅಗಲವಾದ ಡಾಂಬರು, ಮೂರನೇ ಗೇರಿಗೆ ನಿರಾಳ. ಇನ್ನೊಂದು ದಿಕ್ಕಿಗೆ ಹೋದರೆ ರಿಂಗ್ ರಸ್ತೆ, ಅದನ್ನು ಹಿಡಿದು ಸುತ್ತಿದರೆ ಬೆಂಗಳೂರಿನ ದಶಪಥ. ಇವೆಲ್ಲಕ್ಕಿಂತ ಮೇಲಾಗಿ ಕಣ್ಣೆದುರಿಗೇ ಚಾಮುಂಡಿ ಬೆಟ್ಟ.

ನನಗೆ ಕಾರುಗಳ ಹುಚ್ಚು. ಅದರಲ್ಲೂ ಸಣ್ಣ ಕಾರಿಗೆ ತುಸು ಹೆಚ್ಚಿನ ಎಂಜಿನ್ ಕೂರಿಸಿ, ಸಸ್ಪೆನ್ಷನ್ ಬಿಗಿ ಮಾಡಿ, ಅಗಲದ ಟೈರು ತೊಡಿಸಿ ಬಿಡುತ್ತಾರಲ್ಲ, ಆ ಜಾತಿಯದರ ಹುಚ್ಚು. ಜಗತ್ತಿಗೆ ಇದರ ರುಚಿ ಹತ್ತಿಸಿದ್ದು ಫೋಕ್ಸ್‌ವ್ಯಾಗನ್ನಿನ ಗಾಲ್ಫ್ ಜಿಟಿಐ. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮರುವರ್ಷ ಮಾರಾಟಕ್ಕೆ ಬಂತು. 1.6 ಲೀಟರಿನ ಎಂಜಿನ್, 110 ಅಶ್ವಶಕ್ತಿ, ಗಾಡಿಯ ತೂಕ ಸುಮಾರು 810 ಕಿಲೋ. ಐದು ಸಾವಿರ ಕಾರು ಖರ್ಚಾದರೆ ಸಾಕು ಎಂದುಕೊಂಡಿದ್ದ ಕಂಪನಿ ಇವತ್ತಿಗೂ ಆ ಹೆಸರಿನ ಕಾರು ಮಾಡುತ್ತಿದೆ. ಮನೆಮಂದಿ ಕೂರಲು ಹಿಂದೆ ಸೀಟು, ತರಕಾರಿ ಚೀಲಕ್ಕೆ ಡಿಕ್ಕಿ, ಇಷ್ಟೆಲ್ಲ ಇದ್ದೂ ತಿರುವಿನಲ್ಲಿ ರೇಸ್ ಕಾರಿನ ಉತ್ಸಾಹ. ಇದು ಮಧ್ಯಮ ವರ್ಗದ ಮನೆಗೆ ಹೇಳಿ ಮಾಡಿಸಿದ ಸುಖ.

ನಮ್ಮ ದೇಶದಲ್ಲಿ ಈ ಸುಖದ ದಾರಿ ಸಲೀಸಾಗಿರಲಿಲ್ಲ. ನನ್ನ ಪ್ರಕಾರ ಮೊದಲ ಹೆಜ್ಜೆ 1993ರ ಮಾರುತಿ ಝೆನ್. ಅದನ್ನು ಯಾರೂ ಸ್ಪೋರ್ಟ್ಸ್ ಕಾರು ಎಂದು ಮಾರಲಿಲ್ಲ. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, 50 ಅಶ್ವಶಕ್ತಿ. ಆದರೆ ಗಾಡಿ ಹಕ್ಕಿಯಷ್ಟು ಹಗುರ, ನೆಲಕ್ಕೆ ಅಂಟಿದಂಥ ಮೈಕಟ್ಟು. ರೇಸ್ ಕೊಟ್ಟಷ್ಟೂ ಎಂಜಿನ್ ಖುಷಿಯಿಂದ ಮೇಲೇರುತ್ತಿತ್ತು. 2001ರಲ್ಲಿ ಬಂದ ಫಿಯಟ್ ಪಾಲಿಯೊ 1.6 ಜಿಟಿಎಕ್ಸ್ ನೇರವಾಗಿಯೇ ನಾನು ವೇಗದವನು ಎಂದು ಹೇಳಿಕೊಂಡು ಬಂತು: 100 ಅಶ್ವಶಕ್ತಿ, ಕಬ್ಬಿಣದ ಪೆಟ್ಟಿಗೆಯಂಥ ಬಾಡಿ, ಬಾಗಿಲು ಹಾಕಿದರೆ ಧಡ್ ಎನ್ನುವ ಘನವಾದ ಸದ್ದು. ಸಚಿನ್ ತೆಂಡೂಲ್ಕರ್ ಹೆಸರಿನಲ್ಲಿ ಎಸ್10 ಎಂಬ ಆವೃತ್ತಿಯನ್ನೂ ಹೊರತಂದರು. ಪೆಟ್ರೋಲು ಕುಡಿಯುವುದರಲ್ಲಿ ಪಾಲಿಯೊ ಧಾರಾಳಿ, ಅದಕ್ಕೇ ಜನ ಹೆದರಿದರು. 2005ರಲ್ಲಿ ಸ್ವಿಫ್ಟ್ ಬಂತು. 1.3 ಲೀಟರು, 87 ಅಶ್ವಶಕ್ತಿ, ನಾಲ್ಕು ಚಕ್ರಗಳೂ ಗಾಡಿಯ ನಾಲ್ಕು ಮೂಲೆಗೆ ಸರಿದು ನಿಂತ ಠೀವಿ. ಮೈಸೂರಿನ ಕಾಲೇಜು ಹುಡುಗರ ಕನಸಿನಲ್ಲಿ ಜಾವಾ, ಯೆಜ್ಡಿಗಳಿದ್ದ ಜಾಗಕ್ಕೆ ಒಂದು ಕಾರು ಬಂದು ಕೂತದ್ದು ಆಗಲೇ ಎಂದು ನನಗನ್ನಿಸುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತ್ತು.

ಇಲ್ಲಿ ತೆರಿಗೆಯ ಕಥೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಅದಿಲ್ಲದೆ ನಮ್ಮ ಕಾರುಗಳ ಆಕಾರ ಅರ್ಥವಾಗುವುದಿಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕದಾದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಜಿಎಸ್‌ಟಿ ಬಂದ ಮೇಲೂ ಆ ಗೆರೆ ಹಾಗೇ ಉಳಿಯಿತು. ಸ್ವಿಫ್ಟಿನ 1.3 ಲೀಟರ್ ಎಂಜಿನ್ ಹೋಗಿ 1.2 ಬಂದದ್ದಕ್ಕೆ ಈ ಗೆರೆಯೂ ಒಂದು ಕಾರಣ. ಸಣ್ಣ ಕಾರಿಗೆ ದೊಡ್ಡ ಎಂಜಿನ್ ಹಾಕಿದರೆ ಬೆಲೆ ಕೈಗೆ ಸಿಗದು. ಹಾಗಾಗಿ ಸಿಸಿ ಏರಿಸದೆ ಬಲ ಏರಿಸುವ ಉಪಾಯವೊಂದೇ ಉಳಿಯಿತು, ಟರ್ಬೊ. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುವುದು. ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಎಳೆತ ಹೆಚ್ಚುತ್ತದೆ.

ಆ ದಾರಿ ಹಿಡಿದ ಮೊದಲ ದೊಡ್ಡ ಹೆಸರು 2013ರ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನಲ್ಲಿ 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಎಳೆತ, ಅದೂ 1500 ಆರ್‌ಪಿಎಮ್‌ನಿಂದಲೇ. ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯಲ್ಲಿ ಎರಡು ಕ್ಲಚ್ಚು. ಒಂದು ಗೇರು ಓಡುತ್ತಿರುವಾಗಲೇ ಮುಂದಿನದನ್ನು ಸಜ್ಜು ಮಾಡಿ ಇಟ್ಟುಕೊಂಡಿರುತ್ತದೆ. 2015ರಲ್ಲಿ ಬಂದ ಫಿಯಟ್ಟಿನ ಆಬಾರ್ತ್ ಪುಂಟೊ ತೆರಿಗೆಯ ಗೆರೆಗೆ ಸೊಪ್ಪೇ ಹಾಕಲಿಲ್ಲ: 1.4 ಲೀಟರಿನ ಟರ್ಬೊ, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಬೆಲೆ ಹತ್ತು ಲಕ್ಷಕ್ಕೆ ಐದು ಸಾವಿರ ಕಡಿಮೆ. ನೂರು ಕಿಲೋಮೀಟರ್ ವೇಗ ಮುಟ್ಟಲು 8.8 ಸೆಕೆಂಡು ಎಂದು ಕಂಪನಿಯ ಲೆಕ್ಕ. 2017ರ ಬಲೆನೊ ಆರ್‌ಎಸ್ ಒಂದೇ ಲೀಟರಿನ ಮೂರು ಸಿಲಿಂಡರಿನಿಂದ 102 ಅಶ್ವಶಕ್ತಿ ತೆಗೆಯಿತು. 2018ರಲ್ಲಿ ಟಾಟಾದವರು ಕೊಯಮತ್ತೂರಿನ ಜೇಯಮ್ ಸಂಸ್ಥೆಯೊಡನೆ ಸೇರಿ ಟಿಯಾಗೊ ಜೆಟಿಪಿ ಮಾಡಿದರು. 2021ಕ್ಕೆ ಹ್ಯುಂಡೈ ಐ20 ಎನ್ ಲೈನ್, 2024ಕ್ಕೆ ಟಾಟಾ ಆಲ್ಟ್ರೋಜ್ ರೇಸರ್, ಎರಡಕ್ಕೂ 120 ಅಶ್ವಶಕ್ತಿ.

ಇಷ್ಟು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಮೇಲು ಎಂದು ತೀರ್ಮಾನಿಸುವವರಿದ್ದಾರೆ. ನಾನೂ ಅಂಕಿಗಳನ್ನು ಪ್ರೀತಿಯಿಂದ ಓದುತ್ತೇನೆ. ಆದರೆ ಅಶ್ವಶಕ್ತಿಯೊಂದನ್ನೇ ಓದಬಾರದು, ತೂಕದಿಂದ ಭಾಗಿಸಿ ಓದಬೇಕು. ಬಲೆನೊ ಆರ್‌ಎಸ್ 950 ಕಿಲೋ, ಅಂದರೆ ಟನ್ನಿಗೆ 107 ಅಶ್ವಶಕ್ತಿ. ಪೋಲೊ 1100 ಕಿಲೋದ ಆಸುಪಾಸಿನದು, ಅದರ ಪಾಲಿಗೆ 95. ಬ್ರೋಷರಿನಲ್ಲಿ ಪೋಲೊ ಮುಂದು, ತಕ್ಕಡಿಯಲ್ಲಿ ಬಲೆನೊ ಮುಂದು. ಐವತ್ತು ವರ್ಷದ ಹಿಂದಿನ ಆ ಮೊದಲ ಗಾಲ್ಫ್ ಜಿಟಿಐಗೆ ಇದೇ ಲೆಕ್ಕ ಹಾಕಿದರೆ ಟನ್ನಿಗೆ 135 ದಾಟುತ್ತದೆ! ಏರ್‌ಬ್ಯಾಗು, ಗಟ್ಟಿ ಪಿಲ್ಲರು, ಏಸಿ ಯಾವುದೂ ಇಲ್ಲದ ಕಾಲದ ಹಗುರ ಅದು ಎಂಬುದೂ ನಿಜ. ಜೀವ ಉಳಿಸುವ ತೂಕದ ಬಗ್ಗೆ ನನಗೆ ತಕರಾರಿಲ್ಲ.

ತಕ್ಕಡಿ ಹೇಳದ ಮಾತನ್ನು ಬೆಟ್ಟ ಹೇಳುತ್ತದೆ. ಚಾಮುಂಡಿ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸಾವಿರದ ಅರುವತ್ತು ಮೀಟರಿಗೂ ಮಿಗಿಲು, ನಮ್ಮ ನಜರ್‌ಬಾದ್ ಅದಕ್ಕಿಂತ ಮುನ್ನೂರು ಮೀಟರ್ ಕೆಳಗೆ. ಮೇಲೆ ಗಾಳಿ ತೆಳು. ಸಮುದ್ರದಂಡೆಗೆ ಹೋಲಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನು ಅಷ್ಟು ಬಲ ಕಳೆದುಕೊಂಡೇ ಏರಬೇಕು. ಟರ್ಬೊ ಆದರೆ ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತದೆ. ಹಳೆಯ ಸ್ವಿಫ್ಟಿನಲ್ಲಿ ಕಡಿದಾದ ತಿರುವಿಗೆ ಎರಡನೇ ಗೇರಿಗೆ ಇಳಿಸಿ, ಆರ್‌ಪಿಎಮ್ ಮುಳ್ಳನ್ನು ನಾಲ್ಕು ಸಾವಿರದಾಚೆ ಹಿಡಿದಿಟ್ಟರೆ ಮಾತ್ರ ಎಳೆತ. ಆಬಾರ್ತ್ ಬೇರೆ ಬಗೆ. ಎರಡು ಸಾವಿರದ ಕೆಳಗೆ ಏನೂ ಆಗುತ್ತಿಲ್ಲವೇನೋ ಎನ್ನುವ ಹಾಗೆ ಸುಮ್ಮನಿರುತ್ತದೆ. ದಾಟಿತೋ, ಬೆನ್ನನ್ನು ಸೀಟಿಗೆ ಒತ್ತುತ್ತದೆ. ತಿರುವಿನ ಮಧ್ಯದಲ್ಲಿ ಆ ಎಳೆತ ಬಂದರೆ ಮುಂದಿನ ಚಕ್ರಗಳು ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತವೆ. ತಿರುವು ಮುಗಿದು ಗಾಡಿ ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಅದನ್ನು ಕರೆಸಿಕೊಳ್ಳುವುದೇ ಆಬಾರ್ತ್ ಓಡಿಸುವ ಕಲೆ.

ಬೆಟ್ಟದಲ್ಲಿ ನಾನು ಗಂಟೆಗೆ 40 ಕಿಲೋಮೀಟರ್ ದಾಟುವುದಿಲ್ಲ, ದಾಟುವವರನ್ನು ಮೆಚ್ಚುವುದೂ ಇಲ್ಲ. ಅದು ತಾಯಿಯ ಬೆಟ್ಟ. ಬೆಳಗಿನ ಜಾವಕ್ಕೇ ಮಕ್ಕಳು ಮುದುಕರೆನ್ನದೆ ನಡೆದು ಬರುತ್ತಿರುತ್ತಾರೆ, ಬಸ್ಸುಗಳು ತಿರುವು ತುಂಬ ಬಾಗಿ ಇಳಿಯುತ್ತವೆ, ಕೋತಿಗಳು ತಡೆಗೋಡೆಯ ಮೇಲೆ ಕೂತಿರುತ್ತವೆ. ಆಷಾಢ ಶುಕ್ರವಾರಗಳಲ್ಲಂತೂ ಆ ಕಡೆ ಕಾರು ತಿರುಗಿಸುವ ಯೋಚನೆಯೇ ಬೇಡ. 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದದ್ದನ್ನು ಕಂಡವರಿಗೆ ಈ ಗುಡ್ಡದ ಮಣ್ಣು ಎಷ್ಟು ಸೂಕ್ಷ್ಮ ಎಂಬುದೂ ಗೊತ್ತು. ಆದರೆ ನನ್ನ ಇಡೀ ಪ್ರೀತಿಯ ಗುಟ್ಟಿರುವುದು ಈ ನಲವತ್ತರಲ್ಲೇ. ಒಳ್ಳೆಯ ಸಣ್ಣ ಕಾರಿನ ಮುಕ್ಕಾಲು ಪಾಲು ಸುಖ ಈ ನಲವತ್ತರೊಳಗೇ ಸಿಕ್ಕಿಬಿಡುತ್ತದೆ. ಇನ್ನೂರು ಮುನ್ನೂರು ಅಶ್ವಶಕ್ತಿಯ ದೊಡ್ಡ ಕಾರು ನಲವತ್ತರಲ್ಲಿ ಆಕಳಿಸುತ್ತದೆ. ನೂರರ ಆಸುಪಾಸಿನ ಹಗುರ ಕಾರು ಅದೇ ವೇಗದಲ್ಲಿ ಕಿವಿ ನಿಮಿರಿಸಿ ಕೂತಿರುತ್ತದೆ, ಗೇರು, ಬ್ರೇಕು, ಸ್ಟೇರಿಂಗು ಮೂರಕ್ಕೂ ಕೆಲಸ ಕೊಡುತ್ತದೆ. 2016ರಲ್ಲಿ 192 ಅಶ್ವಶಕ್ತಿಯ ಮೂರು ಬಾಗಿಲಿನ ಪೋಲೊ ಜಿಟಿಐಯನ್ನು 25 ಲಕ್ಷ ದಾಟಿದ ಬೆಲೆಗೆ ತರಿಸಿದರು, 2025ರಲ್ಲಿ 265 ಅಶ್ವಶಕ್ತಿಯ ಗಾಲ್ಫ್ ಜಿಟಿಐ 53 ಲಕ್ಷಕ್ಕೆ ಬಂತು. ಇಂಥ ಕಾರುಗಳ ಬಗ್ಗೆ ಗೌರವವಿದೆ. ನಮ್ಮೂರ ಬೆಟ್ಟಕ್ಕೆ ಅಷ್ಟು ಬೇಕಿಲ್ಲ.

ಸ್ಟೇರಿಂಗಿನ ವಿಷಯಕ್ಕೆ ಬಂದರೆ ನನ್ನ ಮತ ಇಟಲಿಯವರಿಗೆ. ಪುಂಟೊದಲ್ಲಿದ್ದದ್ದು ಎಣ್ಣೆಯ ಒತ್ತಡದ ಹೈಡ್ರಾಲಿಕ್ ಸ್ಟೇರಿಂಗು. ಈಗಿನ ಕಾರುಗಳಲ್ಲೆಲ್ಲ ಇಲೆಕ್ಟ್ರಿಕ್ ಮೋಟರು ಸಹಾಯ ಮಾಡುತ್ತದೆ: ಹಗುರ, ಪೆಟ್ರೋಲೂ ಉಳಿಯುತ್ತದೆ. ಆದರೆ ಟೈರಿನ ಕೆಳಗೆ ಏನಿದೆ ಎಂಬ ಸುದ್ದಿ ಕೈಗೆ ಬರುವುದಿಲ್ಲ. ಪುಂಟೊದ ಚಕ್ರ ಹಿಡಿದರೆ ಮಳೆಗೆ ಕೊಚ್ಚಿ ಬಂದ ಮರಳು ಎಲ್ಲಿದೆ, ಡಾಂಬರಿನ ತೇಪೆ ಎಲ್ಲಿ ಮುಗಿಯಿತು, ಟೈರು ಜಾರುವುದಕ್ಕೆ ಇನ್ನೆಷ್ಟು ಅವಕಾಶವಿದೆ ಎಂಬುದೆಲ್ಲ ಅಂಗೈಗೆ ತಿಳಿಯುತ್ತಿತ್ತು. ಪೋಲೊದ ಸ್ಟೇರಿಂಗು ಸಭ್ಯ, ನಿಖರ, ಮಾತು ಕಡಿಮೆ. ಐ20 ಎನ್ ಲೈನಿನಲ್ಲಿ ಸಾಮಾನ್ಯ ಐ20ಗಿಂತ ಭಾರ ಹೆಚ್ಚಿಸಿದ್ದಾರೆ, ಅದು ಒಳ್ಳೆಯದೇ. ಭಾರ ಬಂದಷ್ಟು ಸಂವೇದನೆ ಬಂದಿಲ್ಲ. ಸಸ್ಪೆನ್ಷನ್ನಿಗೆ ಮಾತ್ರ ಎನ್ ಲೈನಿಗೆ ಪೂರ್ತಿ ಅಂಕ ಕೊಡುತ್ತೇನೆ. ಬಿಗಿ ಮಾಡಿದ್ದಾರೆ, ಆದರೂ ನಜರ್‌ಬಾದಿನ ಹಂಪುಗಳ ಮೇಲೆ ಹಿಂದೆ ಕೂತ ಅಮ್ಮನಿಗೆ ಸೊಂಟ ಹಿಡಿಯುವುದಿಲ್ಲ. ಆಬಾರ್ತ್‌ ಈ ಮಾತಿನಲ್ಲಿ ಸೋಲುತ್ತದೆ. ಸಾಮಾನ್ಯ ಪುಂಟೊಗಿಂತ ಕೆಳಗಿಳಿಸಿದ ಗಾಡಿ ಅದು, ದೊಡ್ಡ ಹಂಪಿಗೆ ಓರೆಯಾಗಿ ಹತ್ತಿಸಬೇಕು.

ನಮ್ಮ ಬಡಾವಣೆಯ ಮೆಕ್ಯಾನಿಕ್ ಒಬ್ಬರು ಟರ್ಬೊ ಗಾಡಿ ತಂದವರಿಗೆಲ್ಲ ಒಂದೇ ಪಾಠ ಹೇಳುತ್ತಾರೆ. “ಬೆಟ್ಟ ಹತ್ತಿ ಬಂದ ತಕ್ಷಣ ಕೀ ತಿರುಗಿಸಬೇಡಿ ಸಾರ್. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಟರ್ಬೊ ತಣ್ಣಗಾಗಲಿ. ಆಯಿಲ್ ಮಾತ್ರ ಟೈಮಿಗೆ ಸರಿಯಾಗಿ ಬದಲಾಯಿಸಿ.” ಕಾರಣ ಸರಳ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಗಿಲು ಸುತ್ತು ತಿರುಗುತ್ತದೆ, ಹೊಗೆಯ ಬಿಸಿಗೆ ಕಾದಿರುತ್ತದೆ. ಅದನ್ನು ಕಾಪಾಡುವುದು ಎಂಜಿನ್ ಆಯಿಲ್ಲೇ. ಎಂಜಿನ್ ನಿಲ್ಲಿಸಿದರೆ ಆಯಿಲ್ ಹರಿವೂ ನಿಂತು, ಒಳಗೇ ಸುಟ್ಟು ಕರಿ ಕಟ್ಟುತ್ತದೆ. ದೇವಸ್ಥಾನದ ಪಾರ್ಕಿಂಗಿನಲ್ಲಿ ಆ ಒಂದು ನಿಮಿಷ ನನಗೆ ಇಷ್ಟ. ಬಾನೆಟ್ಟಿನಡಿಯ ಫ್ಯಾನು ಸುಂಯ್ಗುಡುತ್ತಿರುತ್ತದೆ, ಬ್ರೇಕಿನ ಬಿಸಿ ವಾಸನೆ ಸಣ್ಣಗೆ ಬರುತ್ತದೆ, ಕಾರು ಏನು ಮಾಡಿತು ಎಂಬುದನ್ನು ತಿರುವು ತಿರುವಾಗಿ ನೆನೆಯಲು ಬಿಡುವು ಸಿಗುತ್ತದೆ.

ನಿಜವಾದ ವೇಗ ನೋಡಬೇಕೆಂದರೆ ಅದಕ್ಕೂ ದೂರ ಹೋಗಬೇಕಾಗಿಲ್ಲ. ಲಲಿತಮಹಲಿನ ಹೆಲಿಪ್ಯಾಡ್ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್ ನಡೆದಾಗ ಮಣ್ಣಿನ ಟ್ರ್ಯಾಕಿನಲ್ಲಿ ಕಾರುಗಳು ಧೂಳೆಬ್ಬಿಸುವುದನ್ನು ಬೇಲಿಗೊರಗಿ ನೋಡಬಹುದು. ಮುಂಚಕ್ರದ ಎಳೆತದ ಹ್ಯಾಚ್‌ಬ್ಯಾಕು ಮಣ್ಣಿನಲ್ಲಿ ಹೇಗೆ ತಿರುಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬೇಕು. ತಿರುವಿಗೆ ಮೊದಲು ಎಡಗಾಲಿನಿಂದ ಬ್ರೇಕು ಮುಟ್ಟಿಸುತ್ತಾರೆ, ಬಲಗಾಲು ರೇಸಿನ ಮೇಲೇ ಇರುತ್ತದೆ. ಭಾರವೆಲ್ಲ ಮುಂದಕ್ಕೆ ವಾಲಿ ಹಿಂಬದಿ ಹಗುರಾಗಿ ಹೊರಕ್ಕೆ ಜಾರುತ್ತದೆ, ಮೂತಿ ತಾನಾಗಿ ಒಳಕ್ಕೆ ತಿರುಗುತ್ತದೆ. ಹ್ಯಾಂಡ್‌ಬ್ರೇಕು ತೀರ ಕಿರಿದಾದ ತಿರುವಿಗೆ ಮಾತ್ರ. ಮೈಸೂರು ಈ ಆಟಕ್ಕೆ ಹೊಸದಲ್ಲ. ಲೋಹಿತ್ ಅರಸ್ ಅವರಂಥ ರ‍್ಯಾಲಿ ಚಾಲಕರು ಈ ಊರಿನವರು. ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆಯುವ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಪೋಲೊಗಳು ಹಾರಿ ಬೀಳುವುದನ್ನು ನೋಡಿದವರಿಗೆ, ಮನೆಯ ಮುಂದೆ ನಿಂತ ಅದೇ ಬಿಳಿ ಪೋಲೊ ಬೇರೆಯಾಗಿಯೇ ಕಾಣುತ್ತದೆ.

ಆ ಪೋಲೊ ಈಗ ಹೊಸದಾಗಿ ಸಿಗುವುದಿಲ್ಲ, 2022ರಲ್ಲಿ ಇಲ್ಲಿ ಅದರ ತಯಾರಿಕೆ ನಿಂತಿತು. ಫಿಯಟ್ ನಮ್ಮ ಮಾರುಕಟ್ಟೆಯಿಂದ ಹೋಗಿಯಾಯಿತು. ಬಲೆನೊ ಆರ್‌ಎಸ್, ಜೆಟಿಪಿ ಎರಡೂ 2020ರ ಹೊತ್ತಿಗೆ ಮುಗಿದವು. ಬಿಎಸ್6 ನಿಯಮಕ್ಕೆ ಎಂಜಿನ್ ತಿದ್ದುವ ಖರ್ಚು ಒಂದು ಕಡೆ, ಅದೇ ದುಡ್ಡಿಗೆ ಎತ್ತರದ ಎಸ್‌ಯುವಿ ಸಿಗುವಾಗ ಸಣ್ಣ ಕಾರಿಗೆ ಯಾರು ಹತ್ತು ಲಕ್ಷ ಕೊಡುತ್ತಾರೆ ಎಂಬ ಮಾತು ಇನ್ನೊಂದು ಕಡೆ. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತದೆ, ತೂಕ ಹೆಚ್ಚು, ಅದಕ್ಕೇ ಹೆಚ್ಚು ಎಂಜಿನ್ನು, ಹೆಚ್ಚು ಬ್ರೇಕು, ಹೆಚ್ಚು ಟೈರು ಬೇಕು. ನೆಲಕ್ಕೆ ಹತ್ತಿರವಾಗಿ ಕೂತು ಓಡಿಸುವ ಸಣ್ಣ ಕಾರಿನ ಸುಖ ಗೊತ್ತಿಲ್ಲದೆಯೇ ಒಂದು ತಲೆಮಾರು ಡ್ರೈವಿಂಗ್ ಕಲಿಯುತ್ತಿರುವುದು ನನಗೆ ನಿಜಕ್ಕೂ ಸಂಕಟ.

ಹಾಗಾಗಿ ಅಕ್ಕನ ಮಗ ಮೊನ್ನೆ ಬಂದು, “ಮಾವ, ಮೊದಲ ಕಾರು ತಗೋತಿದ್ದೀನಿ, ಖುಷಿ ಕೊಡೋ ಗಾಡಿ ಯಾವುದು ಹೇಳಿ,” ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎನ್ ಲೈನಿಗೆ 2023ರಿಂದ ಆರು ಗೇರಿನ ಮ್ಯಾನುಯಲ್ ಬಂದಿದೆ, ಮೂರು ಪೆಡಲು ಇರುವುದನ್ನೇ ತಗೋ ಎಂದೆ. ಆಲ್ಟ್ರೋಜ್ ರೇಸರಿನಲ್ಲಿ ಗಾಳಿಯಾಡುವ ಸೀಟು, ಸುತ್ತಲೂ ತೋರಿಸುವ ಕ್ಯಾಮೆರಾ ಎಲ್ಲ ಇವೆ, ಎಳೆತದಲ್ಲಿ ಎನ್ ಲೈನಿಗೆ ಸರಿಸಮ, ಅದನ್ನೂ ಓಡಿಸಿ ನೋಡು ಎಂದೆ. ಸೆಕೆಂಡ್ ಹ್ಯಾಂಡಿನಲ್ಲಿ ಬಲೆನೊ ಆರ್‌ಎಸ್ ಸಿಕ್ಕಿದರೆ ಸರ್ವಿಸ್ ಪುಸ್ತಕ ತೆಗೆಸಿ, ಆಯಿಲ್ ಬದಲಾಯಿಸಿದ ತಾರೀಖುಗಳನ್ನು ಮೊದಲು ಓದು. ಸಾಲಾಗಿ ಸರಿಯಿದ್ದರೆ ಮಿಕ್ಕ ಎರಡನ್ನೂ ಬಿಟ್ಟು ಅದನ್ನೇ ತಾ. 950 ಕಿಲೋದ ಅಂಥ ಗಾಡಿಯನ್ನು ಇನ್ನು ಯಾರೂ ಮಾಡಿಕೊಡುವ ಹಾಗೆ ಕಾಣುವುದಿಲ್ಲ. ಅವನು ಫೋನಿನಲ್ಲಿ ಎಲ್ಲ ಬರೆದುಕೊಂಡು, “ಟೆಸ್ಟ್ ಡ್ರೈವ್‌ಗೆ ಎಲ್ಲಿಗೆ ಹೋಗೋಣ ಮಾವ?” ಎಂದ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾ, ಜನ ಸೇರುವ ಮೊದಲೇ ಬೆಟ್ಟಕ್ಕೆ ಹೋಗಿ ಬರೋಣ ಎಂದಿದ್ದೇನೆ.