ಬಿಸಿಲೆ ಘಾಟಿಯ ಸದ್ದಿಲ್ಲದ ದಾರಿ

ಮಲೆನಾಡಿನಿಂದ ಕರಾವಳಿಗೆ ಇಳಿಯುವ ಘಾಟಿಗಳಲ್ಲಿ ಒಂದೊಂದಕ್ಕೆ ಒಂದೊಂದು ಹೆಸರಿದೆ. ಆಗುಂಬೆಗೆ ಸೂರ್ಯಾಸ್ತದ ಕೀರ್ತಿ, ಚಾರ್ಮಾಡಿಗೆ ಜಲಪಾತಗಳ ಸೊಬಗು, ಶಿರಾಡಿಗೆ ಹಗಲಿರುಳೂ ಸಾಗುವ ಲಾರಿಗಳ ಅವಸರ. ಇವುಗಳ ನಡುವೆ ಹೆಚ್ಚಿನ ಕೀರ್ತಿಯನ್ನೂ ಬಯಸದೆ, ಅವಸರಕ್ಕೂ ಒಗ್ಗದೆ ಉಳಿದುಕೊಂಡಿರುವುದು ಬಿಸಿಲೆ ಘಾಟಿ. ಸಕಲೇಶಪುರದಿಂದ ಹೊರಟು ಹೆತ್ತೂರು, ವಣಗೂರುಗಳನ್ನು ಹಾಯ್ದು, ಬಿಸಿಲೆಯಿಂದ ದಟ್ಟಡವಿಯೊಳಗೆ ಇಳಿದು, ಕುಲ್ಕುಂದದ ಬಳಿ ಕುಕ್ಕೆ ಸುಬ್ರಹ್ಮಣ್ಯದ ರಸ್ತೆಯನ್ನು ಸೇರುವ ಸುಮಾರು 60 ಕಿಲೋಮೀಟರುಗಳ ಈ ದಾರಿ ಸೈಕಲ್ ಸವಾರನಿಗೆಂದೇ ಹೇಳಿ ಮಾಡಿಸಿದಂತಿದೆ.

ದಾರಿಯೊಂದು ನಿಶ್ಶಬ್ದವಾಗಿರುವುದು ಆಕಸ್ಮಿಕವಲ್ಲ. ಬಿಸಿಲೆಯ ಮೌನಕ್ಕೂ ಒಂದು ಇತಿಹಾಸವಿದೆ. ಸಕಲೇಶಪುರಕ್ಕೆ ಸಮೀಪದಲ್ಲಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಇಂದಿಗೂ ನಿಂತಿದೆ. ಅದು ಕಾಯುತ್ತಿದ್ದುದು ಮಂಗಳೂರಿನ ಮಾರ್ಗವನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದಿಕ್ಕಿನಲ್ಲಿಯೇ ಬಂಡಿಗಳ ರಸ್ತೆಯಾಯಿತು. ಮುಂದೆ ಅದೇ ಶಿರಾಡಿಯ ರಾಷ್ಟ್ರೀಯ ಹೆದ್ದಾರಿಯಾಯಿತು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡಿತು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವಣ 55 ಕಿಲೋಮೀಟರುಗಳಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು! ಹೀಗೆ ಸರಕಿನ ಭಾರವನ್ನೆಲ್ಲ ಹೆದ್ದಾರಿಯೂ ರೈಲೂ ಹಂಚಿಕೊಂಡವು. ಬಿಸಿಲೆಯ ಪಾಲಿಗೆ ಉಳಿದವರು ಸುಬ್ರಹ್ಮಣ್ಯನ ದರ್ಶನಕ್ಕೆ ಹೊರಟ ಯಾತ್ರಿಕರು ಮತ್ತು ಕುಲ್ಕುಂದದ ದನಗಳ ಜಾತ್ರೆಗೆ ಘಟ್ಟದ ಮೇಲಿನಿಂದ ರಾಸುಗಳನ್ನು ಹೊಡೆದುಕೊಂಡು ಬರುತ್ತಿದ್ದ ರೈತರು. ಇಂದು ಸೈಕಲ್ ಸವಾರನು ಅನುಭವಿಸುವ ನೆಮ್ಮದಿ, ಉಳಿದ ದಾರಿಗಳು ಹೊತ್ತ ಹೊರೆಯ ಫಲ.

ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರಕ್ಕೆ ಬೆಂಗಳೂರಿನಿಂದ ರೈಲೂ ಇದೆ, ಬಸ್ಸೂ ಇದೆ. ರಾತ್ರಿ ಅಲ್ಲಿ ತಂಗಿ, ಬೆಳಕು ಹರಿದು ಮಂಜು ಕೊಂಚ ಕರಗಿದ ಮೇಲೆ ಹೊರಡುವುದು ಲೇಸು. ಮೊದಲ ಅರ್ಧ ದಾರಿ ಕಾಫಿಯ ಸೀಮೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು, ಅವುಗಳ ನೆರಳಿನಲ್ಲಿ ಕಾಫಿಯ ಗಿಡಗಳು, ತಗ್ಗಿನಲ್ಲಿ ಬತ್ತದ ಗದ್ದೆ, ಅಲ್ಲಲ್ಲಿ ಹೆಂಚಿನ ಮನೆ. ರಸ್ತೆಯು ಒಂದು ದಿನ್ನೆಯನ್ನು ಹತ್ತಿ ಮತ್ತೊಂದು ಕಣಿವೆಗೆ ಇಳಿಯುತ್ತದೆ, ಸಮತಟ್ಟೆಂಬುದು ಅಪರೂಪ. ಇಲ್ಲಿ ಹಲ್ಲುಚಕ್ರಗಳನ್ನು ಬದಲಿಸುವ ಗೇರಿನ ಸೈಕಲ್ಲಿಗೆ ತನ್ನ ಬೆಲೆ ತಿಳಿಯುತ್ತದೆ. ಫ್ರಾನ್ಸಿನ ಸೇಂಟ್ ಎತಿಯೆನ್ ಎಂಬ ಬೆಟ್ಟದ ಊರಿನಲ್ಲಿದ್ದ ಪಾಲ್ ದ ವೀವಿ (1853–1930) ತಮ್ಮ ಪತ್ರಿಕೆಯ ಮೂಲಕ ಗೇರಿನ ಪರವಾಗಿ ವರ್ಷಾನುಗಟ್ಟಲೆ ವಾದಿಸಿದರು. ಹಸಿವಾಗುವ ಮುನ್ನವೇ ತಿನ್ನಬೇಕು, ಬಾಯಾರುವ ಮುನ್ನವೇ ಕುಡಿಯಬೇಕು ಎಂಬುದು ಅವರ ಉಪದೇಶದ ಸಾರ. ಬಿಸಿಲೆಗೆ ಹೊರಟವನು ಇದನ್ನು ಮರೆಯಬಾರದು. ಏಕೆಂದರೆ ವಣಗೂರು ದಾಟಿದ ಮೇಲೆ ಬುತ್ತಿಯೇ ಗತಿ.

ಬಿಸಿಲೆಗೆ ಅನತಿ ದೂರದ ಮಂಕನಹಳ್ಳಿಯ ಬಳಿ ನೋಟಕ್ಕೆ ಏನೂ ವಿಶೇಷವಿಲ್ಲದ, ಆದರೆ ಮನಸ್ಸನ್ನು ನಿಲ್ಲಿಸುವ ಒಂದು ಏಣು ಇದೆ. ಜನ ಅದನ್ನು 'ರಿಡ್ಜ್' ಎಂದೇ ಕರೆಯುತ್ತಾರೆ. ಅದರ ಪೂರ್ವಕ್ಕೆ ಬಿದ್ದ ಮಳೆಹನಿ ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಒಂದೇ ಮೋಡದಿಂದ ಹುಟ್ಟಿದ ಎರಡು ಹನಿಗಳ ಹಣೆಬರಹ ಗೇಣು ನೆಲದಿಂದ ಬೇರೆಯಾಗುವ ಈ ಸ್ಥಳವನ್ನು ಮೋಟಾರಿನಲ್ಲಿ ಹೋಗುವವರು ಗಮನಿಸದೆಯೇ ದಾಟಿಬಿಡಬಹುದು. ಏರು ಮುಗಿದು ಇಳಿಜಾರು ಆರಂಭವಾದುದನ್ನು ಕಾಲಿನಿಂದಲೇ ಅರಿಯುವ ಸೈಕಲ್ ಸವಾರನಿಗೆ ಮಾತ್ರ ಭೂಗೋಳದ ಪಾಠ ಮೈಗೆ ಹತ್ತುತ್ತದೆ.

ಬಿಸಿಲೆಯ ವೀಕ್ಷಣಾ ಸ್ಥಳಕ್ಕೆ ಬಂದು ನಿಂತರೆ ಎದುರಿಗೆ ಆಳವಾದ ಕಣಿವೆ. ಆಚೆಗೆ ಸಾಲುಸಾಲಾಗಿ ಬೆಟ್ಟಗಳು. ಅವುಗಳ ನಡುವೆ 1,712 ಮೀಟರು ಎತ್ತರದ ಪುಷ್ಪಗಿರಿ ಅಥವಾ ಕುಮಾರಪರ್ವತ. ಹಾಸನ, ಕೊಡಗು, ದಕ್ಷಿಣ ಕನ್ನಡ—ಮೂರು ಜಿಲ್ಲೆಗಳ ಅರಣ್ಯ ಇಲ್ಲಿ ಒಂದಾಗಿ, ಗಡಿಯೆಂಬುದು ನಕ್ಷೆಯ ಮೇಲಷ್ಟೇ ಉಳಿಯುತ್ತದೆ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಪುಷ್ಪಗಿರಿ ವನ್ಯಧಾಮವೂ ಒಂದು.

ಇನ್ನು ಇಳಿಜಾರು. ನಿತ್ಯಹರಿದ್ವರ್ಣದ ಕಾಡು ಎರಡು ಕಡೆಯಿಂದಲೂ ಬಾಗಿ ರಸ್ತೆಗೆ ಚಪ್ಪರ ಹಾಕುತ್ತದೆ. ನಡುಹಗಲಿನಲ್ಲಿಯೂ ಬಿಸಿಲು ಚೂರುಚೂರಾಗಿಯೇ ಬೀಳುತ್ತದೆ. ಬಿಸಿಲೆ ಎಂಬ ಹೆಸರಿನ ದಾರಿಯಲ್ಲಿ ಬಿಸಿಲಿಗೆ ಬರ! ಮೈಲುಗಟ್ಟಲೆ ಮನೆಯಿಲ್ಲ, ಅಂಗಡಿಯಿಲ್ಲ. ತುಂಟ ಹುಡುಗನೊಬ್ಬ ಸಿಳ್ಳೆ ಹಾಕುತ್ತ ಹೋದಂತೆ ಹಾಡುವ ಕಪ್ಪುನೀಲಿ ಹಕ್ಕಿಯ ದನಿ ತೊರೆಯ ಪಕ್ಕದಿಂದ ಕೇಳುತ್ತದೆ. ಮಂಗಟ್ಟೆ ಹಕ್ಕಿ ಹಾರಿದರೆ ಅದರ ರೆಕ್ಕೆಯ ಬೀಸು ಕೂಡ ಕಿವಿಗೆ ಬೀಳುತ್ತದೆ. ಎಂಜಿನಿನ ಸದ್ದು ಜೊತೆಗಿದ್ದರೆ ಇವಾವುವೂ ಲಭ್ಯವಲ್ಲ.

ಆದರೆ ಈ ಮೌನವೇ ಸವಾರನಿಗೆ ಅಪಾಯವೂ ಆಗಬಲ್ಲದು. ಇದು ಆನೆಗಳು ಓಡಾಡುವ ಸೀಮೆ. ಲಾರಿಯ ಸದ್ದನ್ನು ಆನೆ ದೂರದಿಂದಲೇ ಕೇಳಿ ಸರಿಯಬಲ್ಲದು. ಸೈಕಲ್ಲಿನ ಸದ್ದು ಅದಕ್ಕೆ ಕೇಳುವುದೇ ಇಲ್ಲ. ತಿರುವಿನಲ್ಲಿ ಇಬ್ಬರಿಗೂ ಒಮ್ಮೆಗೇ ಗಾಬರಿಯಾದರೆ ನಷ್ಟ ಯಾರಿಗೆಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಬೆಳಗು ಚೆನ್ನಾಗಿ ಹರಿದ ಮೇಲೆ ಕಾಡನ್ನು ಹೊಗುವುದು, ಸಂಜೆಗೆ ಬಹಳ ಮೊದಲೇ ಹೊರಬರುವುದು, ಕುರುಡು ತಿರುವುಗಳಲ್ಲಿ ಗಂಟೆ ಬಾರಿಸುವುದು, ಒಬ್ಬೊಬ್ಬರೇ ಹೋಗದೆ ಇರುವುದು, ಹಸಿ ಲದ್ದಿಯೋ ಮುರಿದ ಕೊಂಬೆಗಳೋ ಕಂಡಲ್ಲಿ ನಿಂತು ಆಲಿಸುವುದು—ಇವು ಇಲ್ಲಿನ ಶಿಸ್ತು. ಮುಂಗುಡಿಯ ಊರಿನಲ್ಲಿ ವಿಚಾರಿಸಿದರೆ ಆನೆಗಳು ಎತ್ತ ಇವೆಯೆಂಬ ಸುದ್ದಿ ತಿಳಿದೀತು.

ಮತ್ತೊಂದು ಎಚ್ಚರಿಕೆ ಬ್ರೇಕಿನದು. ಘಾಟಿಯ ಮೇಲಿನಿಂದ ಕುಲ್ಕುಂದಕ್ಕೆ ಸುಮಾರು 700 ಮೀಟರುಗಳ ಇಳಿತ. ಸವಾರ, ಸೈಕಲ್ಲು ಸೇರಿ 80 ಕಿಲೋಗ್ರಾಂ ಎಂದುಕೊಂಡರೆ, ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಒಯ್ಯಲು ಸುಮಾರು 130 ಕಿಲೋಕ್ಯಾಲರಿಗಳ ಕೆಲಸವಾಗಬೇಕು. ದೇಹವು ತಾನು ಸುಡುವ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲುದರಿಂದ, ಹತ್ತುವವನ ಬುತ್ತಿಯಲ್ಲಿ 500 ಕಿಲೋಕ್ಯಾಲರಿಗಳಷ್ಟಾದರೂ ಇರಬೇಕು. ಇಳಿಯುವವನಿಗೆ ಆ ಶಕ್ತಿ ಪುಕ್ಕಟೆಯಾಗಿ ದೊರೆಯುವುದೇನೋ ಸರಿ. ಅದನ್ನು ಗಾಳಿಯೂ ಬ್ರೇಕೂ ಸೇರಿ ಕಾವಾಗಿ ಕಳೆಯಬೇಕು. ಒಂದೇ ಸಮನೆ ಬ್ರೇಕನ್ನು ಅದುಮಿಕೊಂಡೇ ಬಂದರೆ ಚಕ್ರದ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ತಿರುವಿಗೆ ಮುಂಚೆ ಬಲವಾಗಿ ಹಿಡಿದು, ಆಮೇಲೆ ಬಿಟ್ಟು ತಣಿಯಗೊಡುವುದೇ ಸರಿಯಾದ ಕ್ರಮ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಚಿಗಟ್ಟಿದ ರಸ್ತೆ, ಇಂಬಳಗಳ ಕಾಟ, ಮಣ್ಣುಕುಸಿತದ ಭೀತಿ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ವಾರದ ನಡುವಣ ದಿನಗಳು ಪ್ರಶಸ್ತ. ಚಂಪಾಷಷ್ಠಿಯ ಸಮಯದಲ್ಲಿ ಮಾತ್ರ ಯಾತ್ರಿಕರ ದಟ್ಟಣೆ ಇದ್ದೇ ಇರುತ್ತದೆ.

ಹೊಂಡಗುಂಡಿಗಳಿಂದಾಗಿ ಬಹುಕಾಲ ಜನರು ಬೈದುಕೊಳ್ಳುತ್ತಿದ್ದ ಈ ರಸ್ತೆಯ ಹಲವು ಭಾಗಗಳು ಕಾಂಕ್ರೀಟು ಕಂಡಿವೆ. ಘಟ್ಟದ ಹಳ್ಳಿಗಳ ರೋಗಿಗಳಿಗೆ, ಶಾಲೆಯ ಮಕ್ಕಳಿಗೆ ಇದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯಲಾಗದು. ನುಣುಪಾದ ರಸ್ತೆ ಬೇರೆ, ಅಗಲವಾದ ರಸ್ತೆ ಬೇರೆ. ಶಿರಾಡಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಾಗಲೆಲ್ಲ ಪರ್ಯಾಯ ಮಾರ್ಗಗಳ ಮಾತು ಏಳುತ್ತದೆ. ಬಿಸಿಲೆಯ ಹೆಸರೂ ಕೇಳಿಬರುತ್ತದೆ. ಇಲ್ಲಿ ಕೊಂಬೆಯಿಂದ ಕೊಂಬೆಗೆ ನೆಗೆದು ರಸ್ತೆಯನ್ನು ದಾಟುವ ಕೆಂದಳಿಲು, ಸಿಂಗಳೀಕಗಳಂತಹ ಮರವಾಸಿಗಳಿಗೆ ಮೇಲಿನ ಆ ಹಸಿರು ಚಪ್ಪರವೇ ಸೇತುವೆ. ರಸ್ತೆ ಅಗಲವಾಗಿ ಚಪ್ಪರ ಹರಿದರೆ ಅವು ನೆಲಕ್ಕಿಳಿಯಬೇಕು, ಗಾಲಿಗಳ ನಡುವೆ ಪ್ರಾಣವನ್ನು ಪಣಕ್ಕಿಡಬೇಕು. ಸವಾರನ ತಲೆಯ ಮೇಲಿನ ನೆರಳೂ ಆ ಪ್ರಾಣಿಗಳ ದಾರಿಯೂ ಒಂದೇ. ಒಂದನ್ನು ಕಡಿದು ಮತ್ತೊಂದನ್ನು ಉಳಿಸಲಾಗದು.

ಅವಸರವಿದ್ದವರಿಗೆ ಹೆದ್ದಾರಿಯಿದೆ, ರೈಲಿದೆ. ನಿಧಾನವಾಗಿ ಹೋಗಬಯಸುವವರಿಗೆ ಇಂತಹ ದಾರಿಗಳು ನಾಡಿನಲ್ಲಿ ಹೆಚ್ಚಾಗಿ ಉಳಿದಿಲ್ಲ. ಬಿಸಿಲೆಯಾದರೂ ಈಗಿರುವಷ್ಟೇ ಕಿರಿದಾಗಿ, ಈಗಿರುವಷ್ಟೇ ನೆರಳಾಗಿ ಉಳಿಯಲಿ.