ಕಬ್ಬು ಕಡಿದರೆ ಸಾಯುತ್ತಾ?

ಕೊತ್ತತ್ತಿ ಕಡೆ ಕಬ್ಬು ಬೆಳೆಯೋರನ್ನ ಕೇಳಿ ನೋಡಿ, ಕಡಿದ ಮೇಲೆ ಕಬ್ಬು ಸತ್ತಂಗಾ ಅಂತ. "ಸಾಯೋದೆಲ್ಲಿ ಬಂತು, ಕೂಳೆ ಬರಲ್ವಾ?" ಅಂತಾರೆ. ಜಲ್ಲೆ ಕಾರ್ಖಾನೆಗೋ ಆಲೆಮನೆಗೋ ಹೋಗುತ್ತೆ. ಬುಡದ ಕಣ್ಣುಗಳು ಮಣ್ಣೊಳಗೆ ಉಳಿದಿರುತ್ತವೆ. ನೀರು ಕಟ್ಟಿದರೆ ಚಿಗುರುತ್ತವೆ.

ಕುರಿಯನ್ನು ಎರಡು ತುಂಡು ಮಾಡಿದರೆ ಒಂದು ಜೀವ ಹೋಗುತ್ತೆ. ಕಬ್ಬನ್ನು ಹತ್ತು ತುಂಡು ಮಾಡಿ ನೆಟ್ಟರೆ ಹತ್ತು ಪೈರು ಏಳುತ್ತವೆ. ಹಾಗಾದರೆ ಮೊದಲು ಇದ್ದದ್ದು ಒಂದು ಜೀವವಾ, ಹತ್ತಾ?

ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತೆ. ನಮ್ಮ ಭಾಗದಲ್ಲಿ ಬಹಳ ಕಾಲ ಬೆಳೆದ ತಳಿ ಸಿಒ 62175. 'ಸಿಒ' ಅಂದರೆ ಕೊಯಮತ್ತೂರು. ಅಲ್ಲಿ 1912ರಲ್ಲಿ ಶುರುವಾದ ಕಬ್ಬು ತಳಿ ಕೇಂದ್ರದಲ್ಲಿ ಸೂಲಂಗಿಯ ಬೀಜದಿಂದ ಸಸಿ ಎಬ್ಬಿಸುತ್ತಾರೆ. ಬೀಜದಿಂದ ಬಂದ ಒಂದೊಂದು ಸಸಿಯೂ ಬೇರೆ ಬೇರೆ ಗುಣದ್ದು. ಅದರಲ್ಲಿ ಚೆನ್ನಾಗಿರೋದನ್ನು ಆರಿಸಿ ನಂಬರ್ ಕೊಡುತ್ತಾರೆ. 62 ಅಂದರೆ 1962, 175 ಅಂದರೆ ಆ ಸಾಲಿನ ಕ್ರಮಸಂಖ್ಯೆ. ಅಲ್ಲಿಂದಾಚೆಗೆ ಬೀಜ ಇಲ್ಲ, ಬರೀ ತುಂಡು. ಎಷ್ಟು ಊರಿನ ಗದ್ದೆಯಲ್ಲಿ ಆ ತಳಿ ನಿಂತಿದ್ದರೂ ಎಲ್ಲವೂ ಆ ಒಂದೇ ಸಸಿಯ ಮುಂದುವರಿಕೆ. ಅಜ್ಜ ನೆಟ್ಟ ಕಬ್ಬು ಮತ್ತು ಮೊಮ್ಮಗ ನೆಟ್ಟ ಕಬ್ಬು ತಾಯಿ ಮಗು ಅಲ್ಲ, ಅದೇ ಗಿಡ.

ಇಂಥ ಯೋಚನೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಹಳೆಯ ಬಸದಿಗಳಿವೆ. ಆ ಜೈನರ ತತ್ವದಲ್ಲಿ ಗಿಡವೂ ಜೀವಿಯೇ, ಸ್ಪರ್ಶ ಒಂದೇ ಇಂದ್ರಿಯ ಇರುವ ಏಕೇಂದ್ರಿಯ ಜೀವಿ. ಅವರು ಸಸ್ಯಗಳಲ್ಲೂ ಎರಡು ಬಗೆ ಮಾಡಿದರು: ಒಂದು ಒಡಲಿಗೆ ಒಂದೇ ಜೀವ ಇರುವವು 'ಪ್ರತ್ಯೇಕ', ಒಂದೇ ಒಡಲಲ್ಲಿ ಲೆಕ್ಕವಿಲ್ಲದಷ್ಟು ಜೀವ ಇರುವವು 'ಸಾಧಾರಣ'. ನಮ್ಮ ಕಬ್ಬು ಇದನ್ನು ತಿರುಗಿಸಿ ಕೇಳುತ್ತೆ. ಒಂದು ಒಡಲಲ್ಲಿ ಅನೇಕ ಜೀವ ಇರಬಹುದಾದರೆ, ಅನೇಕ ಒಡಲಲ್ಲಿ ಒಂದೇ ಜೀವ ಯಾಕಿರಬಾರದು?

ಇದು ಬರೀ ಮಾತಿನ ಆಟ ಅಲ್ಲ. ಒಂದೇ ಜೀವ ಅಂದಮೇಲೆ ಅದರ ಬಲಹೀನತೆಯೂ ಒಂದೇ. ಉತ್ತರ ಪ್ರದೇಶದಲ್ಲಿ ಸಿಒ 0238 ಅನ್ನೋ ತಳಿ ಚೆನ್ನಾಗಿ ಇಳುವರಿ ಕೊಟ್ಟಿತು ಅಂತ ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಹಾಕಿದರು. ಕೆಂಪು ಕೊಳೆ ರೋಗ ಬಂದಾಗ ಗದ್ದೆಯಿಂದ ಗದ್ದೆಗೆ ಹಬ್ಬಿತು. ಒಂದು ಗಿಡಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು.

ಹಾಗಾದರೆ ಸಾವು ಯಾವಾಗ? 2023ರಲ್ಲಿ ಮಳೆ ಕೈಕೊಟ್ಟು, ನಾಲೆ ನೀರೂ ಸಾಲದೆ ನಮ್ಮ ಕೂಳೆ ಒಣಗಿತು. ಉತ್ತುಬಿಡೋಣ ಅಂದುಕೊಂಡೆವು. ಮನೆಯ ಹಿರಿಯರು ಬುಡ ಬಗೆದು, ಕಣ್ಣನ್ನು ಉಗುರಲ್ಲಿ ಕೆರೆದು ತೋರಿಸಿದರು. ಕೆಲವು ಕಪ್ಪಾಗಿ ಪುಡಿಯಾದವು, ಕೆಲವು ಒಳಗೆ ಬಿಳುಪಾಗಿ ಹಸಿಯಾಗಿದ್ದವು. ಉಳಲಿಲ್ಲ. ಮುಂದಿನ ವರ್ಷದ ಮಳೆಗೆ ಹಸಿ ಇದ್ದವು ಚಿಗುರಿದವು. ಖಾಲಿ ಬಿದ್ದ ಜಾಗಕ್ಕೆ ಪಕ್ಕದ ಗದ್ದೆಯಿಂದ ತುಂಡು ತಂದು ನೆಟ್ಟೆವು. ಅದು ಹಳೆ ಬೆಳೆಯೋ ಹೊಸದೋ ಅಂತ ಹೇಳೋಕೆ ನಮಗೂ ಬಾಯಿ ಬರಲಿಲ್ಲ.

ನಮಗೆ ತೋಚಿದ್ದು ಇಷ್ಟು. ಜೀವ ಅನ್ನೋದು ಎತ್ತರ ನಿಂತ ಜಲ್ಲೆಯಲ್ಲಿಲ್ಲ, ಮುಂದಕ್ಕೆ ಹೋಗೋ ಕಣ್ಣಲ್ಲಿದೆ. ಕಬ್ಬಿನ ವಿಷಯದಲ್ಲಿ ಆ ಕಣ್ಣು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟೋದು ಮನುಷ್ಯರ ಕೈಯಿಂದ. ಅದಕ್ಕೇ ಬಿತ್ತನೆ ಕಬ್ಬು ತರುವಾಗ ಒಂದೆರಡು ಜಲ್ಲೆ ಸೀಳಿ ನೋಡಿ. ಒಳಗೆ ಕೆಂಪಾಗಿ, ನಡುನಡುವೆ ಬಿಳಿ ಮಚ್ಚೆ ಇದ್ದು, ಹುಳಿ ವಾಸನೆ ಬಂದರೆ ಆ ಕಬ್ಬು ಬೇಡ. ಇರೋ ಜಮೀನಿಗೆಲ್ಲ ಒಂದೇ ತಳಿಯನ್ನೂ ಹಾಕಬೇಡಿ.