ನೋಡ್ಲಾಕ ಏನದ?

ನಮ್ಮ ಕಡೆಯ ಹೆಂಗಸರು ಊರು ಬಿಟ್ಟು ದೂರ ಹೋಗಬೇಕಾದರೆ ಮೂರೇ ಕಾರಣಗಳು. ಹರಕೆ ಇರಬೇಕು, ಬಾಣಂತನ ಇರಬೇಕು, ಇಲ್ಲವೇ ಯಾರಾದರೂ ತೀರಿಕೊಂಡಿರಬೇಕು. ಸುಮ್ಮನೆ ನೋಡಲಿಕ್ಕೆಂದು ಹೊರಟ ಹೆಂಗಸನ್ನು ನಾನಂತೂ ಕಂಡಿರಲಿಲ್ಲ. ಹೊರಟಿದ್ದರೆ "ಯಾಕ, ಮನ್ಯಾಗ ಕೆಲಸಿಲ್ಲೇನು?" ಎಂದು ಕೇಳುವವರಲ್ಲಿ ನಾನೇ ಮೊದಲಿಗಳಾಗಿರುತ್ತಿದ್ದೆ.

2023ರ ಅಕ್ಟೋಬರಿನಲ್ಲಿ ನಾನು ಆಳಂದದಿಂದ ಪೋರ್ಚುಗಲ್‌ಗೆ ಹೋದದ್ದೂ ಬಾಣಂತನಕ್ಕೇ. ಮಗಳು ಲಿಸ್ಬನ್ನಿನಲ್ಲಿದ್ದಾಳೆ. ಎರಡನೆಯ ಹೆರಿಗೆ. ಮೂರು ತಿಂಗಳ ವೀಸಾ ಸಿಕ್ಕಿತು. ಅಳ್ವಿ, ಅಂಟು, ಬಜೆ, ಜೋಳದ ಹಿಟ್ಟು, ಶೇಂಗಾ ಹಿಂಡಿ ಎಲ್ಲ ಕಟ್ಟಿಕೊಂಡು ಹೈದರಾಬಾದಿನಲ್ಲಿ ವಿಮಾನ ಹತ್ತಿದಾಗ ನನ್ನ ಚೀಲದಲ್ಲಿ ನನ್ನ ಸೀರೆಗಳಿಗೆ ಉಳಿದದ್ದು ಒಂದು ಮೂಲೆ ಮಾತ್ರ.

ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು. ನಾನು ಅಡಿಗೆಮನೆ ಹಿಡಿದು ಕೂತೆ. ಮೂರು ದಿನ ನೋಡಿದ ಮಗಳು ನಾಲ್ಕನೆಯ ದಿನ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. "ಯವ್ವಾ, ಬರೇ ರೊಟ್ಟಿ ಬಡೀಲಾಕ ಇಷ್ಟು ದೂರ ಬಂದೀದೇನು? ಅಳಿಯಾನ ಜೋಡಿ ಹೋಗಿ ಇವನ್ನೆಲ್ಲ ನೋಡಿ ಬಾ." ಹಾಳೆಯ ಮೇಲೆ ಮೂರು ಕಟ್ಟು ಮಾಡಿ ಬರೆದಿದ್ದಳು: ಎಲ್ಲರೂ ನೋಡೋದು, ಯಾರೂ ನೋಡದ್ದು, ಧೈರ್ಯ ಇದ್ದವರು ಮಾಡೋದು. ಮೂರನೆಯ ಕಟ್ಟನ್ನು ಮಡಚಿ ಒಳಗೆ ಹಾಕಿಬಿಡು ಎಂದೆ. ಅದರಲ್ಲಿ ಸಮುದ್ರದ ಗವಿಯೊಳಗೆ ದೋಣಿಯಲ್ಲಿ ಹೋಗುವುದು, ಕಡಲ ಬಂಡೆಯಂಚಿನ ಕಾಲುದಾರಿಯಲ್ಲಿ ನಡೆಯುವುದು, ಇಂಥವೇ ಇದ್ದವು.

ನಾನು ಮೂವತ್ತು ವರ್ಷಕ್ಕೂ ಮೇಲೆ ಶಾಲೆಯಲ್ಲಿ ಪಾಠ ಹೇಳಿದವಳು. 'ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ' ಎಂದು ಎಷ್ಟು ಮಕ್ಕಳ ಬಾಯಲ್ಲಿ ಉರು ಹೊಡೆಸಿದ್ದೇನೋ ಲೆಕ್ಕವಿಲ್ಲ. ಲಿಸ್ಬನ್ನಿನ ಬೆಲೆಂ ಎಂಬಲ್ಲಿ ಒಂದು ದೊಡ್ಡ ಮಠದೊಳಗೆ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಕಲ್ಲಿನ ಮನುಷ್ಯ, ಕೈ ಜೋಡಿಸಿ ಮಲಗಿದ್ದಾನೆ. ಅದನ್ನು ಕಂಡಾಗ ನನಗೆ ಬಂದ ಮೊದಲ ಯೋಚನೆ ಹೇಳಿದರೆ ನೀವು ನಗುತ್ತೀರಿ. ಇವನ ಹೆಸರು ಸರಿಯಾಗಿ ಬರೆಯದ್ದಕ್ಕೆ ಎಷ್ಟು ಮಕ್ಕಳ ಕೈಮೇಲೆ ಪಟ್ಟಿಯಿಂದ ಹೊಡೆದೆನಲ್ಲಾ ಎಂದು!

ಆ ಮಠದ ಹತ್ತಿರವೇ ಪುಟ್ಟ ಬಟ್ಟಲಿನಂಥ ಒಂದು ಸಿಹಿ ತಿಂಡಿ ಮಾರುತ್ತಾರೆ, ಜನ ಸಾಲುಗಟ್ಟಿ ನಿಂತಿರುತ್ತಾರೆ. ಹಿಂದೆ ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದರಂತೆ. ಉಳಿದ ಹಳದಿ ಹಾಳಾಗಬಾರದೆಂದು ಸಕ್ಕರೆ ಹಾಕಿ ಈ ತಿಂಡಿ ಮಾಡಿದರಂತೆ. ನಮ್ಮದು ಮೊಟ್ಟೆ ಮುಟ್ಟದ ಮನೆತನ, ತಿನ್ನಲಿಲ್ಲ. ಆದರೆ ಹಾಳು ಮಾಡದ ಆ ಬುದ್ಧಿಗೆ ಮನಸ್ಸಿನಲ್ಲೇ ಶಹಬ್ಬಾಸ್ ಎಂದೆ.

ಭಾಷೆ ಬಾರದ ಊರಿನಲ್ಲಿ ಕಿವಿ ಚುರುಕಾಗುತ್ತದೆ. ಪಕ್ಕದ ಮನೆಯಾಕೆ ಕೀಲಿಗೆ 'ಶಾವ್' ಎನ್ನುತ್ತಾಳೆ, ನಮ್ಮ ಚಾವಿ! ಟೇಬಲ್ಲಿಗೆ 'ಮೇಜಾ'. ಬಟ್ಟೆಯ ಕಪಾಟಿಗೆ 'ಅರ್ಮಾರಿಯು'. ಸಂತೆಯಲ್ಲಿ ಆಲೂಗಡ್ಡೆ 'ಬಟಾಟಾ', ನಾವು ಆಳಂದದ ಸಂತೆಯಲ್ಲಿ ಕೇಳುವ ಹಾಗೆಯೇ. ದುಡ್ಡು ಕೊಡುವುದಕ್ಕೆ 'ಪಗಾರ್' ಎನ್ನುತ್ತಾರೆ. ನಾನು ತಿಂಗಳಾ ತಿಂಗಳಾ ಕೈಯಲ್ಲಿ ಎಣಿಸಿಕೊಂಡ ಪಗಾರ ಇವರ ಮಾತೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ನಮ್ಮ ಹಿಂಡಿಗೆ ಖಾರ ಕೊಡುವ ಮೆಣಸಿನಕಾಯಿಯನ್ನೂ ಅಮೆರಿಕದ ಕಡೆಯಿಂದ ನಮ್ಮ ದೇಶಕ್ಕೆ ತಂದವರು ಇವರೇ. ಅಷ್ಟಾದರೂ ಇವರ ಅಡಿಗೆ ನನ್ನ ನಾಲಿಗೆಗೆ ಸಪ್ಪೆ. ತಂದದ್ದನ್ನೆಲ್ಲ ನಮಗೇ ಕೊಟ್ಟು ಹೋದಂತಿದೆ.

ನವೆಂಬರ್ 1 ಅಲ್ಲಿಯೂ ರಜೆ. ನಮಗದು ರಾಜ್ಯೋತ್ಸವ, ಅವರಿಗೆ ಸಂತರೆಲ್ಲರ ಹಬ್ಬ. 1755ರಲ್ಲಿ ಅದೇ ಹಬ್ಬದ ಮುಂಜಾನೆ, ಜನರೆಲ್ಲ ಇಗರ್ಜಿಗಳಲ್ಲಿದ್ದ ಹೊತ್ತಿನಲ್ಲಿ ಭೂಕಂಪವಾಯಿತು. ಆಮೇಲೆ ಸಮುದ್ರ ಹಿಂದೆ ಸರಿದು ತಿರುಗಿ ಮೇಲೇರಿ ಬಂತು. ಉಳಿದದ್ದನ್ನು ಬೆಂಕಿ ತಿಂದಿತು. ಅಂದು ಛಾವಣಿ ಬಿದ್ದ ಒಂದು ದೊಡ್ಡ ಇಗರ್ಜಿಯನ್ನು ಇಂದಿಗೂ ಹಾಗೇ ಬಿಟ್ಟಿದ್ದಾರೆ; ಕಲ್ಲಿನ ಕಮಾನುಗಳು, ನಡುವೆ ಬರೀ ಆಕಾಶ. ನನಗೆ 1993ರ ಸೆಪ್ಟೆಂಬರ್ 30ರ ನಸುಕು ನೆನಪಾಯಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಮಲಗಿದ್ದೆವು. ಮಾಡದ ಮೇಲಿನ ತಾಮ್ರದ ಕೊಡಗಳು ಉರುಳಿ ಬಿದ್ದವು. ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ನಮಗೆ ಕೊಡ ಬಿದ್ದದ್ದಷ್ಟೇ. ಗಡಿಯಾಚೆ ಕಿಲ್ಲಾರಿಯಲ್ಲಿ ಮಣ್ಣು ಕಲ್ಲಿನ ಮನೆಗಳು ಮಲಗಿದವರ ಮೇಲೆಯೇ ಕೂತವು.

ಯಾರೂ ನೋಡದ್ದರಲ್ಲಿ ನನಗೆ ಮನಸ್ಸಿಗೆ ಹತ್ತಿದ್ದು ಒಂದು ಮರ. ಬಾಟಲಿಯ ಬೂಚು ಬರುವುದು ಅದರ ತೊಗಟೆಯಿಂದ. ಗಿಡ ಇಪ್ಪತ್ತೈದು ವರ್ಷದ್ದಾದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷ ಮುಟ್ಟುವುದಿಲ್ಲ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಬಾಣಂತನ ಮುಗಿಸಿದ ಹೆಂಗಸಿಗೂ ಹಾಗೊಂದು ಅಂಕಿ ಬರೆದಿಟ್ಟರೆ ಚೆನ್ನಾಗಿತ್ತು ಎಂದೆ. ಅಳಿಯ ನಗಬೇಕೋ ಬಾರದೋ ತಿಳಿಯದೆ ಗಾಡಿಯ ಕಡೆ ನಡೆದ.

ಇಷ್ಟು ಹೇಳಿದ್ದು ನಜರೆ ಎಂಬ ಊರಿಗೆ ಬರಲಿಕ್ಕೆ. ಲಿಸ್ಬನ್ನಿನಿಂದ ಉತ್ತರಕ್ಕೆ ಎರಡು ತಾಸಿನೊಳಗಿನ ದಾರಿ. ಅಲ್ಲಿ ಸಮುದ್ರದ ತಳದಲ್ಲಿ ದೊಡ್ಡದೊಂದು ಕೊರಕಲಿದೆ. ಚಳಿಗಾಲದಲ್ಲಿ ಆ ಕೊರಕಲಿನಿಂದಾಗಿ ಅಲೆಗಳು ಮನೆಯ ಮೇಲೆ ಮನೆ ಇಟ್ಟಂತೆ ಏಳುತ್ತವೆ. 2020ರ ಅಕ್ಟೋಬರಿನಲ್ಲಿ ಒಬ್ಬ ಜರ್ಮನ್ ಹುಡುಗ 26 ಮೀಟರಿಗೂ ಎತ್ತರದ ಅಲೆಯ ಮೇಲೆ ಹಲಗೆ ಹಾಕಿ ಜಾರಿ ಬಂದು ಜಗತ್ತಿನ ದಾಖಲೆ ಮಾಡಿದ. ಅವನ ತಾಯಿ ಎಲ್ಲಿದ್ದಳೋ ಆಗ.

ಅದೇ ಅಕ್ಟೋಬರಿನಲ್ಲಿಯೇ ಇತ್ತ ಭೀಮೆಗೆ ಮಹಾಪೂರ ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ಹೊಕ್ಕಿತ್ತು. ನನ್ನ ತವರುಮನೆಯ ಎರಡು ಗೋಡೆಗಳು ಹೋದದ್ದು ಆವಾಗಲೇ.

ನಜರೆಯ ದಂಡೆಯಲ್ಲಿ ಮುದುಕಿಯರು ಕೂತಿದ್ದರು. ಅಲ್ಲಿನ ಬೆಸ್ತರ ಹೆಂಗಸರು ಒಂದರ ಮೇಲೊಂದು ಏಳು ಲಂಗ ಉಡುವ ಪದ್ಧತಿ. ದಂಡೆಯ ಮೇಲೆ ಗಂಡಂದಿರ ದಾರಿ ಕಾಯುವಾಗ ಚಳಿಗೆ ಕೆಲವು ಕೆಳಗೆ, ಕೆಲವು ತಲೆಯ ಮೇಲೆ ಹೊದೆಯಲು ಅನುಕೂಲವೆಂದು ಒಬ್ಬರು ಹೇಳಿದರೆ, ಏಳು ಅಲೆಗಳ ಲೆಕ್ಕವೆಂದು ಇನ್ನೊಬ್ಬರು ಹೇಳುತ್ತಾರೆ. ಗಂಡ ಹೋದವರು ಕಪ್ಪು ಉಡುತ್ತಾರೆ. ನಾನು ನೋಡಿದಾಕೆ ಕಪ್ಪು ಉಟ್ಟವಳು, ಒಣಗಿಸಿದ ಮೀನು ಮಾರುತ್ತಿದ್ದಳು. ಎಲ್ಲರೂ ಸಮುದ್ರ ನೋಡಲು ಬಂದಿದ್ದರೆ ಆಕೆ ಮಾತ್ರ ಸಮುದ್ರಕ್ಕೆ ಬೆನ್ನು ಮಾಡಿ ಕೂತಿದ್ದಳು. ಅಳಿಯ ತನ್ನ ಹರಕು ಭಾಷೆಯಲ್ಲಿ ಕೇಳಿದ, ನೀವು ಎಂದಾದರೂ ನೀರಿಗಿಳಿದಿದ್ದೀರಾ ಎಂದು. ಆಕೆ ನಕ್ಕು ಕೈಯಾಡಿಸಿದಳು. "ಈಜು ಬರೋದಿಲ್ಲಂತ್ರೀ," ಎಂದ ಅಳಿಯ.

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ನನ್ನ ತವರು ಜೇವರ್ಗಿ ತಾಲ್ಲೂಕಿನಲ್ಲಿ ಭೀಮೆಯ ದಂಡೆಗೇ ಇರುವ ಹಳ್ಳಿ. 1969ರ ಕಾರಹುಣ್ಣಿಮೆಯ ದಿನ ನನ್ನ ಅಣ್ಣ ಎತ್ತುಗಳ ಮೈ ತೊಳೆಯಲು ಹೊಳೆಗೆ ಹೋದ. ಅವನಿಗೆ ಹದಿನಾಲ್ಕು, ನನಗೆ ಒಂಬತ್ತು. ಕೊಂಬಿಗೆ ಹಚ್ಚಲು ನಾನು ಬಣ್ಣ ಕಲಸಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದೆ. ಎತ್ತುಗಳು ತಾವೇ ಮನೆಗೆ ಬಂದವು, ಮೈ ಹಸಿಯಾಗಿತ್ತು. ಮಡುವಿನಲ್ಲಿ ಅವನು ಸಿಕ್ಕಿದ್ದು ಮರುದಿನ. ಅಂದಿನಿಂದ ಅವ್ವ ಹೊಳೆಯ ಹೆಸರು ಹೇಳಲಿಲ್ಲ, 'ಅದು' ಎನ್ನುತ್ತಿದ್ದಳು. ಅಂಗಳದಲ್ಲಿ ಕೂತು ಜೋಳ ಹಸನು ಮಾಡುವಾಗಲೂ ಅದರ ಕಡೆ ಬೆನ್ನು. ನನ್ನಿಂದ ದೀಪ ಮುಟ್ಟಿಸಿ ಆಣೆ ತಗೊಂಡಳು, 'ಅದ'ರೊಳಗೆ ಕಾಲಿಡುವುದಿಲ್ಲ ಎಂದು.

ಇಟ್ಟಿಲ್ಲ. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ಗಾಣಗಾಪುರಕ್ಕೆ ಎಷ್ಟು ಸಲ ಹೋಗಿದ್ದೇನೆ! ಸಂಗಮದಲ್ಲಿ ಎಲ್ಲರೂ ಮುಳುಗು ಹಾಕುವಾಗ ನಾನು ಮೆಟ್ಟಿಲ ಮೇಲೆ ನಿಂತು ತಂಬಿಗೆಯ ನೀರು ತಲೆಗೆ ಚಿಮುಕಿಸಿಕೊಳ್ಳುತ್ತಿದ್ದೆ. ನೆಗಡಿ ಎನ್ನುತ್ತಿದ್ದೆ. ನಮ್ಮವರಿಗೂ ಕಡೆಯತನಕ ನಿಜ ಹೇಳಲಿಲ್ಲ.

ಬಾಣಂತನ ಮುಗಿಸಿ ಊರಿಗೆ ಬಂದೆ. 2024ರ ಡಿಸೆಂಬರಿನಲ್ಲಿ ಮಗಳು, ಅಳಿಯ, ಮಕ್ಕಳು ಬಂದರು. ಏಳು ವರ್ಷದ ಮೊಮ್ಮಗ ಬಂದವನೇ ಹಾಳೆ, ಪೆನ್ಸಿಲು ನನ್ನ ಕೈಗಿಟ್ಟ. "ಅಮ್ಮಾ, ಇಲ್ಲಿ ನೋಡ್ಲಾಕ ಏನದ? ನೀ ಬರಿ. ಮೂರು ಕಟ್ಟು ಮಾಡು." ನಾನು ಥಟ್ಟನೆ "ಇಲ್ಲೇನದಪ್ಪ, ಬಿಸಲು, ತೊಗರಿ" ಎಂದುಬಿಟ್ಟೆ. ನಾಲ್ವತ್ತು ವರ್ಷ ಇದ್ದ ಊರಿಗೆ ಇಷ್ಟೇ ಉತ್ತರ ಕೊಟ್ಟೆನಲ್ಲಾ ಎಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಬರೆದೆ.

ಎಲ್ಲರೂ ನೋಡೋದು ಸುಲಭ. ಆಳಂದದ ಲಾಡ್ಲೆ ಮಶಾಕ ದರ್ಗಾ, ಅಲ್ಲಿ ನಾವೂ ಸಕ್ಕರೆ ಓದಿಸುತ್ತೇವೆ. ಅಫಜಲಪುರ ತಾಲ್ಲೂಕಿನ ಘತ್ತರಗಿಯ ಭಾಗ್ಯವಂತಿ, ಅಮಾವಾಸ್ಯೆಗೆ ಕಾಲಿಡಲು ಜಾಗವಿರದು. ಗಾಣಗಾಪುರದ ನಿರ್ಗುಣ ಪಾದುಕೆ, ಗೋಡೆಯ ಪುಟ್ಟ ಕಿಂಡಿಯೊಳಗಿಂದ ಕಣ್ಣಿಟ್ಟು ನೋಡಬೇಕು. ಯಾರೂ ನೋಡದ್ದಕ್ಕೆ ತಡವಾಯಿತು. ಕೋರಳ್ಳಿಯ ಅಮರ್ಜಾ ಅಣೆಕಟ್ಟಿನ ಸಂಜೆ ಬರೆದೆ. ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಊರೆಂದು ಭಕ್ತರು ಹೇಳುವ ಕಡಗಂಚಿ ಬರೆದೆ. ಈಗ ಜನರಿಗೆ ಅಲ್ಲಿನ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಮಾತ್ರ ಗೊತ್ತು. ಜೇವರ್ಗಿಯ ದಾರಿಯಲ್ಲಿ ಕಟ್ಟಿಸಂಗಾವಿಯ ಸೇತುವೆ ಬರೆದೆ. ಬಸ್ಸಿನಲ್ಲಿ ದಾಟುವಾಗ ಪ್ರತಿಸಲ ಕಣ್ಣು ಮುಚ್ಚಿಕೊಂಡಿದ್ದೇನೆ, ಹೀಗಾಗಿ ನಾನೂ ನೋಡದ್ದು. ಮೂರನೆಯ ಕಟ್ಟು ಖಾಲಿ ಬಿಟ್ಟೆ.

ಡಿಸೆಂಬರ್ 30ಕ್ಕೆ ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ. ಕಪ್ಪು ಮಣ್ಣಿನ ಹೆಂಟೆಯ ಮೇಲೆ ಕೂತು ಉಂಡ ಮೊಮ್ಮಗ ಇದನ್ನು ಯಾಕೆ ಬರೆದಿಲ್ಲ ಎಂದು ಜಗಳ ತೆಗೆದ. ಬರೆದೆ.

ಮರುದಿನ ಗಾಣಗಾಪುರ. ಅಲ್ಲಿ ಮಧ್ಯಾಹ್ನ ಐದು ಮನೆಯಲ್ಲಿ ಮಧುಕರಿ ಬೇಡುವ ಪದ್ಧತಿ ನಿಮಗೆ ಗೊತ್ತೇ ಇದೆ. ದತ್ತಗುರು ಯಾವುದಾದರೊಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಲಿಸ್ಬನ್ನಿನಲ್ಲಿ ದೊಡ್ಡ ಪಗಾರದ ಅಳಿಯ ಜೋಳಿಗೆ ಹಿಡಿದು ಮೊದಲ ಬಾಗಿಲ ಮುಂದೆ ನಿಂತ, ಬಾಯೇ ಹೊರಡಲಿಲ್ಲ. ಮಗನೇ ಮುಂದಾಗಿ ಕೂಗಬೇಕಾಯಿತು. ಮೂರನೆಯ ಕಟ್ಟಿಗೆ ಅದೊಂದು ಸಿಕ್ಕಿತು.

ಅಲ್ಲಿಂದ ಸಂಗಮ. ಅತ್ತಿಮರದ ಕೆಳಗೆ ಜನ ಪಾರಾಯಣಕ್ಕೆ ಕೂತಿದ್ದರು. ಕೋರಳ್ಳಿಯಿಂದ ಬಂದ ಅಮರ್ಜೆ ಇಲ್ಲಿ ಭೀಮೆಗೆ ಸೇರುತ್ತದೆ. ನಾನು ಎಂದಿನಂತೆ ತಂಬಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತೆ. ಮೊಮ್ಮಗ ಬೂಟು ಬಿಚ್ಚಿ ಎಸೆದು ಅಪ್ಪನ ಕೈ ಹಿಡಿದು ಇಳಿದೇಬಿಟ್ಟ. ಮೊಣಕಾಲು ನೀರು. ನನ್ನ ಬಾಯಿಗೆ ಬಂದ ಕೂಗನ್ನು ಸೆರಗಿನಲ್ಲಿ ಹಿಡಿದೆ.

"ಅಮ್ಮಾ, ಇದು ಎಲ್ಲಿಗೆ ಹೋಗ್ತದ?"

"ಕೃಷ್ಣೆಗಪ್ಪ. ಆಮ್ಯಾಲ ಸಮುದ್ರಕ್ಕ."

"ಹಂಗಾದ್ರ ನೀನೂ ಬಾ."

ಮಗಳು ನನ್ನ ಮುಖ ನೋಡಿದಳು. ಅವಳಿಗೆ ನಜರೆಯಿಂದ ಬಂದ ರಾತ್ರಿ ಎಲ್ಲ ಹೇಳಿದ್ದೆ. ಏನೂ ಮಾತಾಡದೆ ನನ್ನ ಕೈಯಿಂದ ತಂಬಿಗೆ ಇಸಕೊಂಡಳು.

ಒಂದು ಮೆಟ್ಟಿಲು ಇಳಿದೆ. ಇನ್ನೊಂದು. ನೀರು ತಣ್ಣಗಿತ್ತು. ಕಾಲ ಕೆಳಗೆ ಕೆಸರು ಮೆತ್ತಗೆ ಜರುಗಿತು, ಬೆರಳುಗಳ ಸುತ್ತ ಏನೋ ಸಣ್ಣ ಮೀನು ಬಂದು ಹೋದವು. ಅಣ್ಣನ ಹೆಸರು ಹೇಳಿದೆ, ಗಟ್ಟಿಯಾಗಿಯೇ. ಐವತ್ತೈದು ವರ್ಷದಲ್ಲಿ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಮೊಮ್ಮಗ "ಯಾರು?" ಎಂದ. "ನಿನ್ನಂಗ ಒಬ್ಬ ಹುಡುಗ," ಎಂದೆ.

ಮೇಲೆ ಬಂದಾಗ ಸೀರೆಯ ನಿರಿಗೆ ಮೊಣಕಾಲ ತನಕ ತೊಯ್ದಿತ್ತು. ಎಲ್ಲರೂ ಗಾಡಿ ಹತ್ತಿ ಕೂತು ಕರೆಯುತ್ತಿದ್ದರು. ನಾನು ಬಿಸಿಲಿಗೆ ನಿಂತು, ನಿರಿಗೆ ಹರವಿ ಹಿಡಿದು, ಅಂಚು ಪೂರಾ ಒಣಗುವವರೆಗೆ ಹತ್ತಲಿಲ್ಲ. ಹಸಿ ಸೀರೆಯಲ್ಲಿ ಹೋದರೆ ಅವ್ವ ನೋಡುತ್ತಾಳೆ ಎಂದು ಅನ್ನಿಸಿತ್ತು. ಅವ್ವ ಹೋಗಿ ಹದಿನೈದು ವರ್ಷವಾಗಿತ್ತು.